ಗುಂಡಿನ ಸದ್ದು ಬರುತ್ತೆ, ಮ್ಯೂಸಿಕ್ ಬರಲ್ಲ: ಡಾಸ್ ಗೇಮ್‌ಗಳ ಸಂಗೀತದ ಕಥೆ

ಇಯರ್‌ಫೋನ್ ಹಾಕಿಕೊಂಡಿದ್ದೀರಿ ತಾನೇ? ಒಳ್ಳೇದು. ಇವತ್ತಿನ ಸಂಚಿಕೆ ಪೂರ್ತಿ ಕಿವಿಗೆ ಸಂಬಂಧಪಟ್ಟದ್ದು.

ನಿಮ್ಮ ಫೋನ್‌ನಲ್ಲಿರೋ ಯಾವುದಾದರೂ ಗೇಮ್ ತೆರೆಯಿರಿ. ಮ್ಯೂಸಿಕ್ ತಾನಾಗಿಯೇ ಶುರುವಾಗುತ್ತೆ. ಬೆಂಗಳೂರಿನ ಹುಡುಗನ ಫೋನ್‌ನಲ್ಲಿ ಹೇಗೆ ಕೇಳುತ್ತೋ, ಬೇಲೂರಿನ ಹುಡುಗಿಯ ಫೋನ್‌ನಲ್ಲೂ ಹಾಗೇ ಕೇಳುತ್ತೆ. ‘ಇದರಲ್ಲೇನು ವಿಶೇಷ?’ ಅಂತ ನೀವು ಕೇಳಬಹುದು. 1990ರ ದಶಕದಲ್ಲಿ ಕಂಪ್ಯೂಟರ್ ಗೇಮ್ ಆಡಿದವರನ್ನ ಕೇಳಿ ನೋಡಿ. ಅದೇ ಗೇಮು, ಅದೇ ಫ್ಲಾಪಿ. ಒಬ್ಬರ ಮನೆಯಲ್ಲಿ ಆರ್ಕೆಸ್ಟ್ರಾ ಕೂತು ನುಡಿಸಿದ ಹಾಗೆ ಕೇಳೋದು. ಇನ್ನೊಬ್ಬರ ಮನೆಯಲ್ಲಿ ಜಾತ್ರೆ ಪೀಪಿ ಊದಿದ ಹಾಗೆ. ಮೂರನೆಯವರ ಮನೆಯಲ್ಲಿ ಗುಂಡು ಹಾರಿದ ಸದ್ದು ಜೋರಾಗಿ ಬರೋದು, ಆದರೆ ಮ್ಯೂಸಿಕ್ ಪತ್ತೆ ಇಲ್ಲ.

ಯಾಕೆ ಹೀಗಾಗ್ತಿತ್ತು? ಸರಿಮಾಡೋಕೆ ಜನ ಏನು ಮಾಡ್ತಿದ್ರು? ಇನ್ನೂ ಒಂದು ಪ್ರಶ್ನೆ ಇದೆ, ನನಗೆ ಅದೇ ಮುಖ್ಯ: ಒಂದೇ ಆಟಕ್ಕೆ ಇಷ್ಟು ಥರ ಸಂಗೀತ ಇದ್ದರೆ, ಅದರಲ್ಲಿ ‘ಅಸಲಿ’ ಯಾವುದು?

ಮೊದಲು ಆ ಕಾಲ ಹೇಗಿತ್ತು ಅಂತ ಹೇಳ್ತೀನಿ. ನಾನು ಬೆಳೆದದ್ದು ಅರಸೀಕೆರೆಯಲ್ಲಿ. ತೆಂಗಿನಕಾಯಿಗೂ ರೈಲ್ವೆ ಜಂಕ್ಷನ್‌ಗೂ ಹೆಸರಾದ ಊರು. ಹುಬ್ಬಳ್ಳಿ ಕಡೆಯ ಹಳಿ, ಹಾಸನದ ಕಡೆಯ ಹಳಿ ಕವಲಾಗೋದು ಇಲ್ಲೇ. ನಮ್ಮ ಕಡೆಯ ಊರುಗಳಿಗೆ ಅಸೆಂಬಲ್ ಮಾಡಿದ ಕಂಪ್ಯೂಟರ್‌ಗಳು ಬೆಂಗಳೂರಿನ ಎಸ್‌ಪಿ ರೋಡ್‌ನಿಂದ ರೈಲಲ್ಲೋ ಬಸ್ಸಲ್ಲೋ ಬರ್ತಿದ್ವು. ಮದರ್‌ಬೋರ್ಡ್ ಒಂದು ಕಂಪನಿದು, ಮಾನಿಟರ್ ಇನ್ನೊಂದು, ಸೌಂಡ್ ಕಾರ್ಡ್ ಮೇಲೆ ಹೆಸರೇ ಇರ್ತಿರಲಿಲ್ಲ. ಎಷ್ಟೋ ಕಂಪ್ಯೂಟರ್‌ಗಳಲ್ಲಿ ಸೌಂಡ್ ಕಾರ್ಡೇ ಇರ್ತಿರಲಿಲ್ಲ ಬಿಡಿ.

ಕಾರ್ಡ್ ಇಲ್ಲದಿದ್ರೆ ಸದ್ದು ಎಲ್ಲಿಂದ? ಡಬ್ಬಿಯೊಳಗೆ ಒಂದು ಪುಟ್ಟ ಸ್ಪೀಕರ್ ಇರ್ತಿತ್ತು. ಕಂಪ್ಯೂಟರ್ ಆನ್ ಮಾಡಿದಾಗ ‘ಬೀಪ್’ ಅನ್ನೋದು ಅದೇ. ಅದಕ್ಕೆ ಒಂದು ಸಲಕ್ಕೆ ಒಂದೇ ಸ್ವರ ಗೊತ್ತು. ಶಾಲೆಗಳ ಕಂಪ್ಯೂಟರ್ ಲ್ಯಾಬ್‌ಗಳಲ್ಲಿ ಮಕ್ಕಳು ಕದ್ದು ಆಡ್ತಿದ್ದ ‘ಡಿಗ್ಗರ್’ ಅನ್ನೋ ಗೇಮ್ 1983ರದ್ದು. ಅದು ‘ಪಾಪ್‌ಕಾರ್ನ್’ ಅನ್ನೋ ಪ್ರಸಿದ್ಧ ಟ್ಯೂನನ್ನ ಆ ಒಂದೇ ಬೀಪ್‌ನಲ್ಲಿ ನುಡಿಸ್ತಿತ್ತು. ‘ಪ್ರಿನ್ಸ್ ಮೆಗಾಹಿಟ್’ ಅಂತ ಟೈಪ್ ಮಾಡಿ ಚೀಟ್ ಮಾಡ್ತಿದ್ದ ‘ಪ್ರಿನ್ಸ್ ಆಫ್ ಪರ್ಷಿಯಾ’ ನೆನಪಿದೆಯಾ? ನಿಮಗಿಲ್ಲದಿದ್ರೆ ನಿಮ್ಮ ಚಿಕ್ಕಪ್ಪನಿಗೋ ಸೋದರಮಾವನಿಗೋ ಇರುತ್ತೆ. ಅದರ ಸಂಗೀತ ಮಾಡಿದ್ದು ಗೇಮ್ ಬರೆದ ಜೋರ್ಡನ್ ಮೆಕ್ನರ್ ಅವರ ತಂದೆ ಫ್ರಾನ್ಸಿಸ್ ಮೆಕ್ನರ್. ಆ ಅಪ್ಪ ಕೂತು ಬರೆದ ಸಂಗೀತವನ್ನ ಇಲ್ಲಿ ಎಷ್ಟೋ ಜನ ಕೇಳಿದ್ದು ಬರೀ ‘ಕೀಂ ಕೀಂ’ ಅಂತಲೇ.

ಈಗ ಮಿಡಿ ವಿಷಯಕ್ಕೆ ಬರೋಣ. ಒಂದು ಲೆಕ್ಕ ಹಾಕಿ. ಸಿಡಿ ಗುಣಮಟ್ಟದ ಹಾಡಿಗೆ ಒಂದು ನಿಮಿಷಕ್ಕೆ ಸುಮಾರು 10 ಎಂಬಿ ಬೇಕು. ಆಗಿನ ಫ್ಲಾಪಿಯಲ್ಲಿ ಹಿಡಿಸ್ತಿದ್ದದ್ದು 1.44 ಎಂಬಿ. ಅಂದ್ರೆ ಒಂದು ಇಡೀ ಫ್ಲಾಪಿಗೆ ಸುಮಾರು 8 ಸೆಕೆಂಡಿನ ಹಾಡು! ಗಂಟೆಗಟ್ಟಲೆ ಆಡೋ ಗೇಮ್‌ಗೆ ಸಂಗೀತ ತುಂಬೋದು ಹೇಗೆ?

ಉಪಾಯ ಸರಳ: ಹಾಡನ್ನ ಕಳಿಸಬೇಡಿ, ಸ್ವರಲಿಪಿ ಕಳಿಸಿ. ‘ಇಂಥ ಸ್ವರ ಶುರು ಮಾಡು, ಇಷ್ಟು ಜೋರಾಗಿ ಬಾರಿಸು’ ಅಂತ ಒಂದು ಸೂಚನೆ. ‘ಈಗ ನಿಲ್ಲಿಸು’ ಅಂತ ಇನ್ನೊಂದು. ಒಂದೊಂದು ಸೂಚನೆಗೆ ಬರೀ 3 ಬೈಟ್. ಇದೇ ಮಿಡಿ. ಇದು ಗೇಮ್‌ಗಾಗಿ ಹುಟ್ಟಿದ್ದೇನಲ್ಲ. ಬೇರೆ ಬೇರೆ ಕಂಪನಿಗಳ ಎಲೆಕ್ಟ್ರಾನಿಕ್ ಕೀಬೋರ್ಡ್‌ಗಳು ಒಂದಕ್ಕೊಂದು ಮಾತಾಡಲಿ ಅಂತ ಮಾಡಿದ್ದು. ಅಮೆರಿಕದ ಡೇವ್ ಸ್ಮಿತ್, ಜಪಾನಿನ ರೋಲ್ಯಾಂಡ್ ಕಂಪನಿಯ ಇಕುತಾರೊ ಕಕೆಹಾಶಿ ಇದರ ಹಿಂದಿದ್ದ ಮುಖ್ಯ ವ್ಯಕ್ತಿಗಳು. 1983ರ ಜನವರಿಯಲ್ಲಿ ಅಮೆರಿಕದ ಒಂದು ಪ್ರದರ್ಶನದಲ್ಲಿ ಎರಡು ಬೇರೆ ಕಂಪನಿಗಳ ಕೀಬೋರ್ಡ್‌ಗಳನ್ನ ಒಂದು ವೈರಿನಿಂದ ಸೇರಿಸಿ ತೋರಿಸಿದ್ರು. ಒಂದರ ಮೇಲೆ ಬೆರಳಿಟ್ಟರೆ ಇನ್ನೊಂದೂ ನುಡೀತು. ಇದಕ್ಕಾಗಿ ಇಬ್ಬರಿಗೂ 2013ರಲ್ಲಿ ಟೆಕ್ನಿಕಲ್ ಗ್ರ್ಯಾಮಿ ಸಿಕ್ತು.

ಮಿಡಿ ಫೈಲ್‌ನಲ್ಲಿ ಸದ್ದು ಇರಲ್ಲ, ಸೂಚನೆ ಇರುತ್ತೆ. ಈ ಒಂದು ಮಾತು ನೆನಪಿಟ್ಟುಕೊಳ್ಳಿ. ಮದುವೆ ಮನೆಗೆ ಓಲಗದವರನ್ನ ಕರೆಸಿ ಚೀಟಿಯಲ್ಲಿ ಹಾಡಿನ ಹೆಸರು ಬರೆದುಕೊಟ್ಟ ಹಾಗೆ. ಚೀಟಿ ಒಂದೇ, ಆದರೆ ಯಾರು ನುಡಿಸ್ತಾರೆ ಅನ್ನೋದರ ಮೇಲೆ ಕೇಳೋದು ಬದಲಾಗುತ್ತೆ. ಡಾಸ್ ಗೇಮ್‌ಗಳಲ್ಲಿ ಆ ಓಲಗದವರು ಅಂದ್ರೆ ಸೌಂಡ್ ಕಾರ್ಡ್.

1987ರಲ್ಲಿ ಇಬ್ಬರು ಹೊಸ ‘ವಾದ್ಯಗಾರರು’ ಬಂದ್ರು. ಒಂದು, ಕೆನಡಾದ ಕ್ವಿಬೆಕ್‌ನ ಆ್ಯಡ್‌ಲಿಬ್ ಕಾರ್ಡ್. ಅದನ್ನ ಶುರು ಮಾಡಿದ್ದು ಮಾರ್ಟಿನ್ ಪ್ರೆವೆಲ್ ಅನ್ನೋ ಸಂಗೀತದ ಪ್ರೊಫೆಸರ್. ಅದರಲ್ಲಿದ್ದದ್ದು ಯಮಾಹಾದ ಚಿಪ್. ಒಂದು ಅಲೆಯಿಂದ ಇನ್ನೊಂದು ಅಲೆಯನ್ನ ಅಲುಗಾಡಿಸಿ ಹೊಸ ನಾದ ಹುಟ್ಟಿಸೋ ವಿಧಾನ, ಎಫ್‌ಎಂ ಸಿಂಥೆಸಿಸ್ ಅಂತಾರೆ. ಇದನ್ನ ಕಂಡುಹಿಡಿದದ್ದು ಸ್ಟ್ಯಾನ್‌ಫರ್ಡ್‌ನ ಜಾನ್ ಚೌನಿಂಗ್. ಒಟ್ಟಿಗೆ 9 ಸ್ವರ ನುಡಿಸೋ ಶಕ್ತಿ. ಪಿಟೀಲು ಅಂದ್ರೆ ಪಿಟೀಲಿನ ಥರ ಏನೋ ಒಂದು ಬರೋದು. ಅಸಲಿ ಪಿಟೀಲು ಅಂತ ಯಾರೂ ಮೋಸ ಹೋಗ್ತಿರಲಿಲ್ಲ. ಆದರೂ ಬೀಪ್ ಕೇಳಿದ ಕಿವಿಗೆ ಅದೇ ಹಬ್ಬ.

ಇನ್ನೊಂದು ರೋಲ್ಯಾಂಡ್ ಕಂಪನಿಯ ಎಂಟಿ-32. ಇದು ಕಾರ್ಡ್ ಅಲ್ಲ, ಹೊರಗಿಡೋ ಒಂದು ಪೆಟ್ಟಿಗೆ. ವಾದ್ಯದ ಮೊದಲ ಕ್ಷಣದ ಅಸಲಿ ಧ್ವನಿ ಅದರ ಚಿಪ್‌ನಲ್ಲಿ ರೆಕಾರ್ಡ್ ಆಗಿರ್ತಿತ್ತು, ಮುಂದಿನ ನಾದವನ್ನ ಅದು ತಾನೇ ಹುಟ್ಟಿಸ್ತಿತ್ತು. ಬೆಲೆ ಸುಮಾರು 700 ಡಾಲರ್. 1988ರಲ್ಲಿ ಸಿಯೆರಾ ಕಂಪನಿ ‘ಕಿಂಗ್ಸ್ ಕ್ವೆಸ್ಟ್ 4’ ತಂದಾಗ ಸಂಗೀತ ಮಾಡಿದ್ದು ಸಿನಿಮಾ, ಟಿವಿಗೆ ಕೆಲಸ ಮಾಡ್ತಿದ್ದ ವಿಲಿಯಂ ಗೋಲ್ಡ್‌ಸ್ಟೈನ್. ಆ್ಯಡ್‌ಲಿಬ್, ಎಂಟಿ-32 ಎರಡಕ್ಕೂ ಅಂತ ಸಂಗೀತ ತಯಾರಾದ ಮೊದಮೊದಲ ಗೇಮ್‌ಗಳಲ್ಲಿ ಅದೂ ಒಂದು.

1989ರಲ್ಲಿ ಸಿಂಗಪುರದ ಸಿಮ್ ವಾಂಗ್ ಹೂ ಅವರ ಕ್ರಿಯೇಟಿವ್ ಕಂಪನಿ ಸೌಂಡ್ ಬ್ಲಾಸ್ಟರ್ ತಂತು. ಸಂಗೀತಕ್ಕೆ ಆ್ಯಡ್‌ಲಿಬ್‌ನಲ್ಲಿದ್ದ ಅದೇ ಯಮಾಹಾ ಚಿಪ್. ಜತೆಗೆ ರೆಕಾರ್ಡ್ ಮಾಡಿದ ಅಸಲಿ ಸದ್ದು ನುಡಿಸೋ ಇನ್ನೊಂದು ಭಾಗ. ಗುಂಡು, ಕೂಗು, ಕಿರುಚಾಟ ಎಲ್ಲ ಈ ಭಾಗದಿಂದ. ಜನ ಮುಗಿಬಿದ್ರು. 1992ಕ್ಕೆ ಆ್ಯಡ್‌ಲಿಬ್ ಕಂಪನಿ ದಿವಾಳಿ ಆಯ್ತು. ಆಮೇಲೆ ಬಂದ ಹೆಸರಿಲ್ಲದ ಅಗ್ಗದ ಕಾರ್ಡ್‌ಗಳ ಡಬ್ಬಿ ಮೇಲೆಲ್ಲ ಒಂದೇ ಸಾಲು: ‘ಸೌಂಡ್ ಬ್ಲಾಸ್ಟರ್ ಕಂಪ್ಯಾಟಿಬಲ್’. ನಮ್ಮ ಕಡೆ ಬಂದದ್ದು ಹೆಚ್ಚಾಗಿ ಇವೇ.

ಇಲ್ಲಿಂದ ತೊಂದರೆ ಶುರು. ಮೊದಲನೇ ತೊಂದರೆ: ತಪ್ಪು ವಾದ್ಯ.

ಇದನ್ನ ಕನ್ನಡಿಗರಿಗೆ ವಿವರಿಸೋದು ಸುಲಭ. ಯುನಿಕೋಡ್ ಬರೋ ಮುಂಚೆ ‘ನುಡಿ’ಯಲ್ಲೋ ‘ಬರಹ’ದಲ್ಲೋ ಟೈಪ್ ಮಾಡಿದ ಫೈಲನ್ನ, ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದಿದ್ದೀರಾ? ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಫೈಲ್ ಹಾಳಾಗಿರಲ್ಲ. ಫೈಲ್‌ನಲ್ಲಿರೋದು ನಂಬರು. ಯಾವ ನಂಬರಿಗೆ ಯಾವ ಅಕ್ಷರ ಅನ್ನೋದು ಫಾಂಟಿಗೆ ಮಾತ್ರ ಗೊತ್ತು. ಮಿಡಿಯಲ್ಲೂ ಹಾಗೇ. ‘25ನೇ ವಾದ್ಯ ನುಡಿಸು’ ಅಂತ ಗೇಮ್ ಹೇಳುತ್ತೆ. ಎಂಟಿ-32ರಲ್ಲಿ 25 ಅಂದ್ರೆ ಕಹಳೆ ಥರದ ಒಂದು ಸಿಂಥ್ ನಾದ. ಬೇರೆ ಪೆಟ್ಟಿಗೆಯಲ್ಲಿ 25 ಅಂದ್ರೆ ಗಿಟಾರ್. ಕಹಳೆ ಮೊಳಗಬೇಕಾದ ಕಡೆ ಗಿಟಾರ್ ‘ಟೊಂಯ್’ ಅಂದ್ರೆ ಹೇಗಿರುತ್ತೆ ಹೇಳಿ!

1991ರಲ್ಲಿ ಇದಕ್ಕೊಂದು ಒಪ್ಪಂದ ಬಂತು: ಜನರಲ್ ಮಿಡಿ. 128 ವಾದ್ಯಗಳಿಗೆ ಎಲ್ಲ ಕಂಪನಿಯವರೂ ಒಂದೇ ನಂಬರ್ ಕೊಡಬೇಕು. 10ನೇ ಚಾನೆಲ್ ತಾಳವಾದ್ಯಗಳಿಗೆ ಮೀಸಲು. ಒಂಥರಾ ವಾದ್ಯಗಳ ಯುನಿಕೋಡ್ ಅನ್ನಿ. ಆ ಪಟ್ಟಿಯಲ್ಲಿ ನಮ್ಮ ದೇಶದ್ದು ಯಾವುದಿದೆ ಗೊತ್ತಾ? 105 ಸಿತಾರ್, 112 ಶಹನಾಯಿ. ವೀಣೆಗೆ ಅದರಲ್ಲಿ ನಂಬರ್ ಇಲ್ಲ. ಅದೇ ವರ್ಷ ಬಂದ ರೋಲ್ಯಾಂಡ್‌ನ ಸೌಂಡ್ ಕ್ಯಾನ್ವಾಸ್ ಈ ಪಟ್ಟಿ ಪಾಲಿಸೋ ಪೆಟ್ಟಿಗೆಗಳಿಗೆ ಮಾದರಿ ಆಯ್ತು. ಆದರೆ ಎಂಟಿ-32ಗಾಗಿ ಬರೆದ ಹಳೇ ಗೇಮ್‌ಗಳು ಹಳೇ ನಂಬರೇ ಕಳಿಸ್ತಿದ್ವು. ಹೊಸ, ದುಬಾರಿ ಪೆಟ್ಟಿಗೆ ಕೊಂಡವರ ಮನೆಯಲ್ಲೇ ಹಳೇ ಗೇಮ್ ಅಪಸ್ವರ ಹಾಡ್ತಿತ್ತು.

ಎರಡನೇ ತೊಂದರೆಯೇ ಈ ಸಂಚಿಕೆಯ ಶೀರ್ಷಿಕೆ: ಗುಂಡಿನ ಸದ್ದು ಬರುತ್ತೆ, ಮ್ಯೂಸಿಕ್ ಬರಲ್ಲ.

1993ರ ‘ಡೂಮ್’ ತಗೊಳ್ಳಿ. ಸಂಗೀತ ಬಾಬಿ ಪ್ರಿನ್ಸ್ ಅವರದ್ದು. ಆಡೋಕೆ ಮುಂಚೆ ಸೆಟಪ್ ಪ್ರೋಗ್ರಾಂ ಎರಡು ಬೇರೆ ಬೇರೆ ಪ್ರಶ್ನೆ ಕೇಳ್ತಿತ್ತು. ಮ್ಯೂಸಿಕ್ ಕಾರ್ಡ್ ಯಾವುದು? ಸೌಂಡ್ ಎಫೆಕ್ಟ್ ಕಾರ್ಡ್ ಯಾವುದು? ಕಾರ್ಡ್ ಒಂದೇ, ಆದರೆ ಅದರೊಳಗೆ ಬೇರೆ ಬೇರೆ ಬಾಗಿಲುಗಳು. ರೆಕಾರ್ಡ್ ಮಾಡಿದ ಸದ್ದಿನ ಬಾಗಿಲ ನಂಬರ್ 220. ಯಮಾಹಾ ಎಫ್‌ಎಂ ಚಿಪ್‌ದು 388. ಮಿಡಿ ಸೂಚನೆ ಹೊರಗೆ ಕಳಿಸೋ ಬಾಗಿಲು 330, ಅದಕ್ಕೆ ಎಂಪಿಯು-401 ಅಂತ ಹೆಸರು.

ಮೆನುವಿನಲ್ಲಿ ‘ಜನರಲ್ ಮಿಡಿ’ ಅಂತ ಕಂಡ ತಕ್ಷಣ, ‘ಇದೇ ಎಲ್ಲಕ್ಕಿಂತ ಒಳ್ಳೇದು’ ಅಂತ ಅದನ್ನೇ ಆರಿಸೋರು ಬಹಳ. ಆಗ ಆಗ್ತಿದ್ದದ್ದು ಇಷ್ಟು. ಗೇಮ್ ಸೂಚನೆಗಳನ್ನೆಲ್ಲ ನಿಯತ್ತಾಗಿ 330ರ ಬಾಗಿಲಿಗೆ ತಲುಪಿಸ್ತಿತ್ತು. ಕಾರ್ಡ್ ಅವನ್ನ ಹಿಂದಿನ ಜಾಯ್‌ಸ್ಟಿಕ್ ಪೋರ್ಟ್‌ನಿಂದ ಹೊರಗೆ ಕಳಿಸ್ತಿತ್ತು. ಅಲ್ಲಿ ನುಡಿಸೋ ಪೆಟ್ಟಿಗೆಯೇ ಇಲ್ಲ! ಚೀಟಿ ಹೋಯ್ತು, ಓಲಗದವರು ಬಂದಿಲ್ಲ. ಇಂಥ ಕಡೆ ಯಾವುದೂ ಕೆಟ್ಟಿರ್ತಿರಲಿಲ್ಲ. ಮ್ಯೂಸಿಕ್ ಕಾರ್ಡ್ ಜಾಗದಲ್ಲಿ ‘ಸೌಂಡ್ ಬ್ಲಾಸ್ಟರ್’ ಅಥವಾ ‘ಆ್ಯಡ್‌ಲಿಬ್’ ಅಂತ ಬದಲಾಯಿಸಿದರೆ ಹಾಡು ಬಂದೇಬಿಡ್ತಿತ್ತು.

ಉಲ್ಟಾನೂ ಆಗ್ತಿತ್ತು: ಮ್ಯೂಸಿಕ್ ಬರುತ್ತೆ, ಗುಂಡಿನ ಸದ್ದು ಬರಲ್ಲ. ಇದಕ್ಕೆ ಕಾರಣ ಐಆರ್‌ಕ್ಯು. ಕಾರ್ಡು ಪ್ರೊಸೆಸರ್‌ನ ಗಮನ ಸೆಳೆಯೋಕೆ ಬಾರಿಸೋ ಕಾಲಿಂಗ್ ಬೆಲ್ ಅಂದುಕೊಳ್ಳಿ. ಬಹಳ ಕಾರ್ಡ್‌ಗಳು 7ನೇ ಬೆಲ್ ಬಳಸ್ತಿದ್ವು. ಪ್ರಿಂಟರ್ ಪೋರ್ಟ್‌ಗೂ ಅದೇ ಬೆಲ್. ಎಫ್‌ಎಂ ಚಿಪ್‌ಗೆ ಬೆಲ್ ಬೇಡ, ಅದರ ಪಾಡಿಗೆ ಹಾಡ್ಕೊಂಡಿರುತ್ತೆ. ರೆಕಾರ್ಡ್ ಮಾಡಿದ ಸದ್ದಿಗೆ ಬೆಲ್ ಬೇಕೇ ಬೇಕು. ಜಗಳ ಬಿಡಿಸೋಕೆ ಡಬ್ಬಿ ಬಿಚ್ಚಿ, ಕಾರ್ಡ್ ಮೇಲಿರೋ ಜಂಪರ್ ಅನ್ನೋ ಪುಟ್ಟ ಟೋಪಿಯನ್ನ ಕಿತ್ತು 5ನೇ ನಂಬರಿಗೆ ಹಾಕಬೇಕು. ಆಮೇಲೆ ಕಂಪ್ಯೂಟರ್ ಶುರುವಾಗುವಾಗ ಓದೋ ಫೈಲ್‌ನಲ್ಲಿ ಎ220, ಐ5, ಡಿ1 ಅಂತ ಒಂದು ಸಾಲು ತಿದ್ದಬೇಕು. ಈ ಸಾಲನ್ನ ಮಂತ್ರದ ಥರ ಬಾಯಿಪಾಠ ಮಾಡಿದ ಒಂದು ತಲೆಮಾರೇ ಇದೆ.

ಊರಿನಲ್ಲಿ ಇದನ್ನ ಹೇಳಿಕೊಡೋರು ಯಾರು? ಇಂಟರ್‌ನೆಟ್ ಇಲ್ಲ. ಹೆಸರಿಲ್ಲದ ಕಾರ್ಡ್‌ನ ಜತೆ ಬಂದ ಚೀಟಿಯಲ್ಲಿ ಅರ್ಧಂಬರ್ಧ ಇಂಗ್ಲಿಷು. ಕಂಪ್ಯೂಟರ್ ಸೆಂಟರ್‌ನಲ್ಲಿ ಟೈಪಿಂಗ್ ಕಲಿಸ್ತಿದ್ದ ಅಣ್ಣನಿಗೆ ಪ್ರಿಂಟರ್ ಸರಿ ಇದ್ದರೆ ಸಾಕು. ಹಾಗಾಗಿ ಒಂದೊಂದೇ ನಂಬರ್ ಬದಲಾಯಿಸಿ ನೋಡೋದೇ ದಾರಿ. ಸರಿಯಾದ ನಂಬರ್ ಸಿಕ್ಕರೆ ನೋಟ್‌ಬುಕ್‌ನ ಹಿಂದಿನ ಹಾಳೆಯಲ್ಲಿ ಬರೆದಿಟ್ಟುಕೊಂಡು ಸ್ನೇಹಿತರಿಗೆ ಹಂಚೋದು. ನನ್ನ ಪ್ರಕಾರ ಸಣ್ಣ ಊರುಗಳ ಎಷ್ಟೋ ಹುಡುಗ ಹುಡುಗಿಯರಿಗೆ ಹಾರ್ಡ್‌ವೇರ್ ಪಾಠ ಆದದ್ದು ಹೀಗೆ. ಸಿಲೆಬಸ್ ಅಲ್ಲ, ಡೂಮ್ ಕಲಿಸಿದ್ದು.

ಮೂರನೇ ಗುಂಪಿನ ತೊಂದರೆಗಳು ದುಡ್ಡು ಕೊಟ್ಟು ಒಳ್ಳೇ ಸಾಮಾನು ಕೊಂಡವರಿಗೆ. 1992ರ ಸೌಂಡ್ ಬ್ಲಾಸ್ಟರ್ 16ರ ಕೆಲವು ಆವೃತ್ತಿಗಳಲ್ಲಿ, ಗುಂಡಿನ ಸದ್ದೂ ಮಿಡಿ ಸಂಗೀತವೂ ಒಟ್ಟಿಗೆ ಬಂದಾಗ ಒಂದೊಂದು ಸೂಚನೆ ದಾರಿಯಲ್ಲೇ ಕೆಡ್ತಿತ್ತು. ಕೆಟ್ಟದ್ದು ‘ಈಗ ನಿಲ್ಲಿಸು’ ಅನ್ನೋ ಸೂಚನೆ ಆದರೆ? ಆ ಸ್ವರ ನಿಲ್ಲೋದೇ ಇಲ್ಲ. ಓಲಗದ ಶ್ರುತಿ ಹಿಡಿದ ಹಾಗೆ ‘ಊಂ’ ಅಂತ ಕೊನೆವರೆಗೂ. ಇನ್ನು ಮೊದಮೊದಲ ಎಂಟಿ-32 ಪೆಟ್ಟಿಗೆಗಳಿಗೆ ವೇಗದ ಕಂಪ್ಯೂಟರ್ ಆಗ್ತಿರಲಿಲ್ಲ. ಗೇಮ್ ತನ್ನದೇ ಹೊಸ ವಾದ್ಯಗಳ ವಿವರವನ್ನ ಒಂದೇ ಉಸಿರಿಗೆ ಕಳಿಸಿದರೆ ಅದರ ಪುಟ್ಟ ಮೆಮೊರಿ ತುಂಬಿ, ಪರದೆ ಮೇಲೆ ‘ಬಫರ್ ಓವರ್‌ಫ್ಲೋ’ ಅಂತ ಬರೆದು ಸುಮ್ಮನಾಗ್ತಿತ್ತು. ಮಿಡಿ ವೈರಿನ ವೇಗ ಸೆಕೆಂಡಿಗೆ 31,250 ಬಿಟ್ ಅಂತ 1983ರಲ್ಲೇ ಗೊತ್ತುಮಾಡಿದ್ದು, ಅದು ಬದಲಾಗಲಿಲ್ಲ. ಆದರೆ ಕಂಪ್ಯೂಟರ್‌ಗಳು ಓಡ್ತಾನೇ ಹೋದವು.

1995ರ ನಂತರ ಈ ಜಗಳವೆಲ್ಲ ಮೆಲ್ಲಗೆ ಮುಗೀತು. ವಿಂಡೋಸ್ 95 ಬಾಗಿಲ ನಂಬರ್‌ಗಳನ್ನ ತಾನೇ ನೋಡಿಕೊಳ್ಳೋಕೆ ಶುರುಮಾಡ್ತು. ಗೇಮ್‌ಗಳು ಸಿಡಿಗೆ ಬಂದವು, ಅಸಲಿ ಹಾಡನ್ನೇ ರೆಕಾರ್ಡ್ ಮಾಡಿ ಹಾಕೋಷ್ಟು ಜಾಗ ಸಿಕ್ತು. ಮಿಡಿ ಆಮೇಲೆ ಎಲ್ಲಿಗೆ ಹೋಯ್ತು ಗೊತ್ತಾ? ನಿಮ್ಮ ಅಪ್ಪ ಅಮ್ಮನ ಜೇಬಿಗೆ. 2002ರ ಸುಮಾರಿಗೆ ಬಂದ ಮೊಬೈಲ್‌ಗಳ ಪಾಲಿಫೋನಿಕ್ ರಿಂಗ್‌ಟೋನ್‌ಗಳು ಮಿಡಿ ಫೈಲ್‌ಗಳೇ. ಎಷ್ಟೋ ಫೋನ್‌ಗಳಲ್ಲಿ ಮತ್ತೆ ಯಮಾಹಾ ಚಿಪ್ಪೇ. ಒಂದೇ ರಿಂಗ್‌ಟೋನ್ ಎರಡು ಫೋನ್‌ಗಳಲ್ಲಿ ಬೇರೆ ಥರ ಕೇಳ್ತಿತ್ತಲ್ಲ, ಅದಕ್ಕೂ ಕಾರಣ ಇದೇ.

ಈಗ ಮೂರನೇ ಪ್ರಶ್ನೆ. ಅಸಲಿ ಯಾವುದು?

ಇವತ್ತು ಈ ಗೇಮ್‌ಗಳನ್ನ ಉಳಿಸೋರಲ್ಲಿ ಒಂದು ವಾದ ಇದೆ. ಸಂಗೀತಗಾರ ಯಾವ ಪೆಟ್ಟಿಗೆ ಇಟ್ಟುಕೊಂಡು ಬರೆದನೋ ಅದರ ಧ್ವನಿಯೇ ಅಸಲಿ, ಮಿಕ್ಕದ್ದು ಅಗ್ಗದ ನಕಲು. ಈ ವಾದಕ್ಕೆ ತೂಕ ಇದೆ. ಕಿಂಗ್ಸ್ ಕ್ವೆಸ್ಟ್ 4ರ ಸಂಗೀತವನ್ನ ಎಂಟಿ-32ರಲ್ಲಿ ಕೇಳಿದರೆ, ಬರೆದವರ ಮನಸ್ಸಲ್ಲಿ ಏನಿತ್ತು ಅಂತ ತಿಳಿಯುತ್ತೆ. ಆದರೆ 700 ಡಾಲರ್ ಪೆಟ್ಟಿಗೆ ನಮ್ಮ ಹಾಸನ ಜಿಲ್ಲೆಯ ಎಷ್ಟು ಮನೆಗಳಲ್ಲಿ ಇದ್ದೀತು? ಇಲ್ಲಿನ ಮಕ್ಕಳಿಗೆ ಡೂಮ್ ಅಂದ್ರೆ ಎಫ್‌ಎಂ ಚಿಪ್‌ನ ಆ ಲೋಹದಂಥ, ಒರಟು ಗಿಟಾರ್. ಅಥವಾ ಯಮಾಹಾ ಚಿಪ್ಪನ್ನೂ ನಕಲು ಮಾಡಿದ ಇನ್ನೊಂದು ಚಿಪ್‌ನ ಧ್ವನಿ. ಅವರು ಕೇಳಿ ಖುಷಿಪಟ್ಟಿದ್ದು ಅದನ್ನೇ. ಅದು ಚರಿತ್ರೆ ಅಲ್ವಾ?

ನಮ್ಮೂರಿನಿಂದ ಹಳೇಬೀಡು, ಬೇಲೂರು ಎರಡನ್ನೂ ಒಂದೇ ದಿನದಲ್ಲಿ ನೋಡಿ ಬರಬಹುದು. ಬೇಲೂರಿನ ಚೆನ್ನಕೇಶವ ದೇವಸ್ಥಾನ 1117ರದ್ದು, ಹಳೇಬೀಡಿನ ಹೊಯ್ಸಳೇಶ್ವರದ ಕೆಲಸ ಶುರುವಾದದ್ದು 1121ರ ಸುಮಾರಿಗೆ. 2023ರಲ್ಲಿ ಎರಡೂ ಯುನೆಸ್ಕೊ ಪಟ್ಟಿಗೆ ಸೇರಿದವು. ಅಲ್ಲಿನ ಗೋಡೆಗಳ ಮೇಲೆ ಕುಣಿಯೋರು ಎಷ್ಟು ಜನ, ಮದ್ದಳೆ ಬಾರಿಸೋರು, ಕೊಳಲು ಊದೋರು ಎಷ್ಟು ಜನ! ಶಾಸನಗಳು ಶಾಂತಲಾದೇವಿಯನ್ನ ಸಂಗೀತದಲ್ಲಿ, ನೃತ್ಯದಲ್ಲಿ ನಿಪುಣೆ ಅಂತ ಹೊಗಳುತ್ತವೆ. ಬೇಲೂರಿನಲ್ಲಿ ದಾಸೋಜ, ಅವನ ಮಗ ಚಾವಣರಂಥ ಶಿಲ್ಪಿಗಳು ವಿಗ್ರಹದ ಕೆಳಗೆ ತಮ್ಮ ಹೆಸರನ್ನೂ ಕೆತ್ತಿದ್ದಾರೆ. ಮದ್ದಳೆಯ ಆಕಾರ ನಮಗೆ ಗೊತ್ತು, ಕೈ ಎಲ್ಲಿ ಬೀಳುತ್ತೆ ಅಂತಲೂ ಗೊತ್ತು, ಕೆತ್ತಿದವನ ಹೆಸರೂ ಗೊತ್ತು. ಆದರೆ ಅವತ್ತು ಕಿವಿಗೆ ಬಿದ್ದ ಸದ್ದು ಹೋಯ್ತು, ಮತ್ತೆ ಸಿಗಲ್ಲ.

900 ವರ್ಷದ ಹಿಂದಿನದು ಹೋದದ್ದಕ್ಕೆ ಯಾರನ್ನೂ ಬೈಯೋಕಾಗಲ್ಲ. 30 ವರ್ಷದ ಹಿಂದಿನದನ್ನ ಕಳೆದುಕೊಂಡರೆ ಏನು ನೆಪ ಹೇಳೋಣ? ಮಿಡಿ ಫೈಲ್‌ಗಳು ಉಳಿದಿವೆ, ಅವನ್ನ ಕಾಪಿ ಮಾಡೋದು ಸುಲಭ. ನುಡಿಸೋ ಕಾರ್ಡ್‌ಗಳು ಸಾಯ್ತಾ ಇವೆ. ಅವುಗಳ ಕೆಪಾಸಿಟರ್ ಒಣಗುತ್ತೆ. ಅವನ್ನ ಚುಚ್ಚೋ ಐಎಸ್‌ಎ ಸ್ಲಾಟ್ ಹೊಸ ಮದರ್‌ಬೋರ್ಡ್‌ಗಳಿಂದ ಮಾಯವಾಗಿ 20 ವರ್ಷದ ಮೇಲಾಯ್ತು. ಬ್ರ್ಯಾಂಡ್ ಕಾರ್ಡ್‌ಗಳನ್ನ ಪ್ರಪಂಚದ ಸಂಗ್ರಾಹಕರು ಜೋಪಾನ ಮಾಡ್ತಾರೆ. ನಮ್ಮ ಹೆಸರಿಲ್ಲದ ಕಾರ್ಡ್‌ಗಳನ್ನ ಕೇಳೋರಿಲ್ಲ. ಗುಜರಿಯವರು ಕೆಜಿ ಲೆಕ್ಕದಲ್ಲಿ ಒಯ್ತಾರೆ.

ಸಾಫ್ಟ್‌ವೇರ್‌ನಲ್ಲಿ ಒಳ್ಳೇ ಕೆಲಸ ನಡೆದಿದೆ. ಡಾಸ್‌ಬಾಕ್ಸ್ ಅನ್ನೋ ಉಚಿತ ಪ್ರೋಗ್ರಾಂ 2002ರಿಂದ ಇದೆ, ಹಳೇ ಕಂಪ್ಯೂಟರನ್ನ ಹೊಸದರೊಳಗೆ ಕಟ್ಟಿಕೊಡುತ್ತೆ. ಎಂಟಿ-32ರ ಧ್ವನಿಗೆ ಮಂಟ್ ಅಂತ ಇದೆ. ಯಮಾಹಾ ಚಿಪ್ಪಿನ ಒಳಗನ್ನೇ ಅಧ್ಯಯನ ಮಾಡಿ ಬರೆದ ನ್ಯೂಕ್ಡ್ ಓಪಿಎಲ್ ಇದೆ. ಇಂಟರ್‌ನೆಟ್ ಆರ್ಕೈವ್ 2015ರ ಜನವರಿಯಲ್ಲಿ 2,000ಕ್ಕೂ ಹೆಚ್ಚು ಡಾಸ್ ಗೇಮ್‌ಗಳನ್ನ ಬ್ರೌಸರ್‌ನಲ್ಲೇ ಆಡೋ ಹಾಗೆ ಇಟ್ಟಿತು. ಇಲ್ಲೂ ಮ್ಯೂಸಿಕ್ ಬರದಿದ್ರೆ? ಹಳೇ ಪಾಠವೇ. ಮೊದಲು ಗೇಮ್‌ನ ಸೆಟಪ್‌ಗೆ ಹೋಗಿ. ಮ್ಯೂಸಿಕ್ ಕಾರ್ಡ್ ಸೌಂಡ್ ಬ್ಲಾಸ್ಟರ್, ಬಾಗಿಲು 220, ಡಾಸ್‌ಬಾಕ್ಸ್‌ನಲ್ಲಿ ಬೆಲ್ 7, ಡಿಎಂಎ 1 ಅಂತ ಇಡಿ. ಹಾಡು ಬಂದ ಮೇಲೆ ಮಂಟ್ ಹಾಕಿ ಎಂಟಿ-32 ಪ್ರಯತ್ನಿಸಿ. 1990ರ ಸುತ್ತಮುತ್ತಲಿನ ಗೇಮ್‌ಗೆ ಎಂಟಿ-32, 1992ರ ನಂತರದ್ದಕ್ಕೆ ಜನರಲ್ ಮಿಡಿ, ಇಷ್ಟು ಅಂದಾಜು ಇದ್ದರೆ ತಪ್ಪು ವಾದ್ಯದ ಕಾಟ ಬಹುಪಾಲು ತಪ್ಪುತ್ತೆ.

ಎರಡೂ ಕೇಳಿ ಅಂತ ನನ್ನ ಮಾತು. ಬರೆದವರು ಕೇಳಿದ್ದೂ ಅಸಲಿ, ಆಡಿದವರು ಕೇಳಿದ್ದೂ ಅಸಲಿ. ಮೊದಲನೆಯದನ್ನ ಕಾಯೋಕೆ ಪ್ರಪಂಚದಲ್ಲಿ ಜನ ಇದ್ದಾರೆ. ಎರಡನೆಯದು ಇರೋದು ನಮ್ಮ ಅಟ್ಟಗಳ ಮೇಲೆ.

ಹಾಗಾಗಿ ಒಂದು ಕೆಲಸ ಹೇಳ್ತೀನಿ. ಮನೆಯಲ್ಲಿ ಹಳೇ ಸಿಪಿಯು ಇದ್ದರೆ ಗುಜರಿಗೆ ಹಾಕೋ ಮುಂಚೆ ಬಿಚ್ಚಿ ನೋಡಿ. ಮದರ್‌ಬೋರ್ಡ್‌ನಲ್ಲಿ ಉದ್ದನೆಯ ಕಪ್ಪು ಸ್ಲಾಟ್, ಅದರಲ್ಲೊಂದು ಕಾರ್ಡ್, ಹಿಂದುಗಡೆ ಇಯರ್‌ಫೋನ್ ತೂತುಗಳು ಇದ್ದರೆ ಅದು ಇವತ್ತಿನ ಕಥೆಯ ಪಾತ್ರ. ಚಿಪ್ ಮೇಲಿನ ನಂಬರ್ ಫೋಟೊ ತೆಗೆಯಿರಿ. ವೈಎಂಎಫ್ 262 ಅಂತ ಇದ್ದರೆ ಅಸಲಿ ಯಮಾಹಾ, ಬೇರೆ ಏನಾದರೂ ಇದ್ದರೆ ಇನ್ನೂ ಕುತೂಹಲ. ಆ ಕಂಪ್ಯೂಟರ್ ಇನ್ನೂ ಆನ್ ಆಗುತ್ತೆ ಅಂದ್ರೆ, ಆ ತೂತಿಗೆ ಒಂದು ವೈರ್ ಹಾಕಿ, ಗೇಮ್ ಶುರುಮಾಡಿ, ಫೋನ್‌ನಲ್ಲಿ ಎರಡು ನಿಮಿಷ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಯಾವ ಊರು, ಯಾವ ಕಾರ್ಡ್, ಯಾವ ಗೇಮ್ ಅಂತ ಫೈಲಿನ ಹೆಸರಲ್ಲೇ ಬರೆದಿಡಿ. ಮಿಕ್ಕದ್ದನ್ನ ಮುಂದೆ ಕೇಳೋರು ನೋಡಿಕೊಳ್ತಾರೆ.

ಇವತ್ತಿಗೆ ಇಷ್ಟು. ಸಂಚಿಕೆ ಇಷ್ಟವಾದರೆ, ಫ್ಲಾಪಿ ನೋಡಿದ ವಯಸ್ಸಿನವರಿಗೆ ಒಮ್ಮೆ ಕೇಳಿಸಿ. ಐಆರ್‌ಕ್ಯು ಎಷ್ಟಕ್ಕೆ ಇಡ್ತಿದ್ರಿ ಅಂತ ಕೇಳಿ ನೋಡಿ, ಯೋಚನೆ ಮಾಡದೆ ಉತ್ತರ ಕೊಡ್ತಾರೆ.